ಹುಳಿ ಮಣ್ಣು ಕೆಟ್ಟ ಮಣ್ಣಲ್ಲ

ಇಂಗ್ಲಿಷ್ ಮಾತಾಡುವ ರೈತರು ಬಹುಕಾಲ ಮಣ್ಣನ್ನು ರುಚಿಯ ಪದಗಳಲ್ಲೇ ವಿವರಿಸಿದರು. ಬೆಳೆ ಏಳದ ಜೌಗು ನೆಲ ‘ಹುಳಿ’; ಅದಕ್ಕೆ ಸುಣ್ಣ ಎರಚುವುದೆಂದರೆ ನೆಲವನ್ನು ‘ಸಿಹಿ ಮಾಡುವುದು’. ನಮ್ಮ ‘ಆಮ್ಲ’ ಪದದ ಮೂಲ ಅರ್ಥವೂ ಹುಳಿಯೇ. ಆದರೆ ಹುಳಿಯಿಲ್ಲದೆ ಊಟ ಸಾಗದ ನಾಡಿನವರು ನಾವು. ಆ ಪದದಲ್ಲಿ ನಮಗೆ ದೋಷ ಕೇಳಿಸುವುದಿಲ್ಲ. ಅವರಿಗೆ ಕೇಳಿಸುತ್ತಿತ್ತು. ಹುಳಿ ನೆಲವೆಂದರೆ ಸರಿಪಡಿಸಬೇಕಾದ ನೆಲ. ಈ ನಂಬಿಕೆಯನ್ನು ಬಲವಾಗಿ ಅಲುಗಾಡಿಸಿದ ಪ್ರಯೋಗಗಳಲ್ಲಿ ಒಂದು ನಡೆದದ್ದು ಕುಂಡಗಳಲ್ಲಿ.

ಫ್ರೆಡರಿಕ್ ಕೊವಿಲ್ ಅಮೆರಿಕದ ಕೃಷಿ ಇಲಾಖೆಯ ಸಸ್ಯವಿಜ್ಞಾನಿ. ಬ್ಲೂಬೆರಿ ಆಗ ಕಾಡಿನಿಂದ ಆಯ್ದು ತರುವ ಹಣ್ಣು. ತೋಟದಲ್ಲಿ ನೆಟ್ಟವರಿಗೆ ದಕ್ಕಿರಲಿಲ್ಲ. 1906ರ ಸುಮಾರಿಗೆ ಕೊವಿಲ್ ಅದರ ಸಸಿಗಳನ್ನು ಬೇರೆಬೇರೆ ಮಣ್ಣಿನ ಕುಂಡಗಳಲ್ಲಿ ಬೆಳೆಸತೊಡಗಿದ. ಚೆನ್ನಾಗಿ ಗೊಬ್ಬರ ಹಾಕಿದ ತೋಟದ ಮಣ್ಣಿನಲ್ಲಿ ಅವು ಸೊರಗಿದವು. ಸುಣ್ಣ ಬೆರೆತ ಮಣ್ಣಿನಲ್ಲೂ ಅದೇ ಕಥೆ. ಯಾರೂ ಉಳಲು ಬಯಸದ ಹುಳಿ ಪೀಟ್‌ನಲ್ಲಿ, ಅಂದರೆ ಜೌಗಿನಲ್ಲಿ ಅರೆಕೊಳೆತು ಶೇಖರವಾದ ಸಸ್ಯದ ಪುಡಿಯಲ್ಲಿ, ಹುಲುಸಾಗಿ ಬೆಳೆದವು. 1910ರಲ್ಲಿ ಅವನ ವರದಿ ಪ್ರಕಟವಾಯಿತು. ಅದನ್ನು ಓದಿದ ಎಲಿಜಬೆತ್ ವೈಟ್ ಮರುವರ್ಷ ಅವನೊಂದಿಗೆ ಕೈಜೋಡಿಸಿದಳು. ನ್ಯೂಜೆರ್ಸಿಯ ವೈಟ್ಸ್‌ಬಾಗ್‌ನಲ್ಲಿದ್ದ ಅವಳ ಮನೆತನದ ಕ್ರಾನ್‌ಬೆರಿ ತೋಟದ ನೆಲವೇ ಹುಳಿ. ಒಳ್ಳೆಯ ಕಾಡುಗಿಡ ತೋರಿಸಿದ ಸ್ಥಳೀಯರಿಗೆ ಹಣ ಕೊಟ್ಟು, ಕೆಲವು ಗಿಡಗಳಿಗೆ ಅವರದೇ ಹೆಸರಿಟ್ಟಳು. 1916ರಲ್ಲಿ ತೋಟದ ಬ್ಲೂಬೆರಿ ಮಾರುಕಟ್ಟೆಗೆ ಬಂತು.

ಕೊವಿಲ್‌ನ ಇನ್ನೊಂದು ಅವಲೋಕನ ಕುಂಡದ ತೋಟಗಾರರಿಗೆ ಇಂದಿಗೂ ಮುಖ್ಯ. ಉದುರಿದ ಎಲೆ ಅರೆಕೊಳೆತಾಗ ಹುಳಿ. ಅದೇ ಎಲೆ ಪೂರ್ತಿ ಕಳಿತು ಕಪ್ಪು ಗೊಬ್ಬರವಾದಾಗ ಹುಳಿ ಕಳೆದು ಕ್ಷಾರದ ಕಡೆ ವಾಲುತ್ತದೆ. ‘ಚೆನ್ನಾಗಿ ಕಳಿತ ಗೊಬ್ಬರವೇ ಶ್ರೇಷ್ಠ’ ಎಂಬ ಸಲಹೆ ಬದನೆಗೆ ಸರಿ, ಅಜೇಲಿಯಾಕ್ಕೆ ಅಲ್ಲ.

ಹುಳಿಗೆ ಅಂಕಿಯ ಭಾಷೆ ಸಿಕ್ಕಿದ್ದೂ ಅದೇ ಕಾಲದಲ್ಲಿ. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಸೋರೆನ್ಸನ್ ಪಿಎಚ್ ಮಾಪನವನ್ನು ರೂಪಿಸಿದ. 7 ನಡುಬಿಂದು, ಕೆಳಗಿಳಿದಂತೆ ಹುಳಿ, ಒಂದೊಂದು ಅಂಕಿಗೂ ಹತ್ತು ಪಟ್ಟು. ಬ್ಲೂಬೆರಿಗೆ 4.5ರಿಂದ 5.5ರೊಳಗೆ ಹಿತ; ಗಂಧರಾಜ, ಕೇಪಳದಂಥವಕ್ಕೆ 5ರಿಂದ 6ರ ಆಸುಪಾಸು. ಕ್ಷಾರ ಹೆಚ್ಚಾದರೆ ಮಣ್ಣಿನ ಕಬ್ಬಿಣ ನೀರಿನಲ್ಲಿ ಕರಗುವುದಿಲ್ಲ. ಕಬ್ಬಿಣ ಮಣ್ಣಿನಲ್ಲಿದ್ದರೂ ಗಿಡಕ್ಕೆ ಎಟುಕುವುದಿಲ್ಲ: ಎಳೆಯ ಎಲೆ ಹಳದಿ, ನರ ಮಾತ್ರ ಹಸಿರು.

1930ರ ದಶಕದವರೆಗೂ ಇಂಗ್ಲೆಂಡಿನ ತೋಟಗಾರರು ಗಿಡಕ್ಕೊಂದು ಮಿಶ್ರಣ ಕಲಸುತ್ತಿದ್ದರು. ಜಾನ್ ಇನ್ನೆಸ್ ಸಂಸ್ಥೆಯ ವಿಲಿಯಂ ಲಾರೆನ್ಸ್ ಮತ್ತು ಜಾನ್ ನ್ಯೂವೆಲ್ ಇವನ್ನೆಲ್ಲ ಸರಳಗೊಳಿಸಿದರು: 7 ಪಾಲು ಹಬೆಯಲ್ಲಿ ಕಾಯಿಸಿದ ಗೋಡುಮಣ್ಣು, 3 ಪಾಲು ಪೀಟ್, 2 ಪಾಲು ಮರಳು, ಜೊತೆಗೆ ಗೊಬ್ಬರ, ಒಂದಿಷ್ಟು ಸೀಮೆಸುಣ್ಣದ ಪುಡಿ. ಬಹುತೇಕ ಎಲ್ಲಕ್ಕೂ ಒಂದೇ ಮಿಶ್ರಣ. ಆ ‘ಬಹುತೇಕ’ದ ಹೊರಗೆ ಉಳಿದವು ಹುಳಿ ಬೇಡುವ ಗಿಡಗಳೇ, ಅವಕ್ಕೆ ಸುಣ್ಣದ ಬದಲು ಗಂಧಕ ಹಾಕಿ ಪ್ರತ್ಯೇಕ ಮಿಶ್ರಣ ಮಾಡಬೇಕಾಯಿತು. ಎಲ್ಲ ಗಿಡಗಳಿಗೂ ಆಗುತ್ತದೆಂದು ಮಾರುವ ಪೀಟ್ ಚೀಲಗಳಲ್ಲಿ ಇಂದಿಗೂ ಸಾಮಾನ್ಯವಾಗಿ ಸುಣ್ಣ ಬೆರೆತಿರುತ್ತದೆ.

ಮುಂದೆ ಪೀಟ್‌ನ ಬಳಕೆ ವಿಪರೀತವಾಯಿತು. ಜೌಗಿನಲ್ಲಿ ಅದು ಬೆಳೆಯುವುದು ವರ್ಷಕ್ಕೆ ಸುಮಾರು 1 ಮಿಲಿಮೀಟರ್. ಅಗೆದರೆ ಸಾವಿರಾರು ವರ್ಷ ಹಿಡಿದಿಟ್ಟ ಇಂಗಾಲ ಗಾಳಿಗೆ ಸೇರುತ್ತದೆ. ಬದಲಿಗೆ ಬಂದದ್ದು ನಮ್ಮ ತೆಂಗಿನ ನಾಡುಗಳಲ್ಲಿ ತಿಪ್ಪೆಯಾಗಿ ಬಿದ್ದಿದ್ದ ವಸ್ತು. ತಿಪಟೂರು, ಅರಸೀಕೆರೆ ಕಡೆಯ ನಾರಿನ ಘಟಕಗಳಲ್ಲಿ ಸಿಪ್ಪೆಯಿಂದ ನಾರು ತೆಗೆದಾಗ ಉದುರುವ ಪುಡಿಯೇ ಕೊಕೊಪೀಟ್. ಹೆಸರಿನಲ್ಲಿ ಪೀಟ್ ಇದ್ದರೂ ಗುಣ ಅಷ್ಟು ಹುಳಿಯಲ್ಲ: ಪಿಎಚ್ ಸಾಧಾರಣವಾಗಿ 5.5ರಿಂದ 6.5. ಉಪ್ಪಿನಂಶವೂ ಇರುವುದರಿಂದ ತೊಳೆದೇ ಬಳಸಬೇಕು.

ಕರಾವಳಿಯ ಮುರಕಲ್ಲಿನ ನೆಲ ಸಹಜವಾಗಿ ಹುಳಿ. ಅಲ್ಲಿ ಕೇಪಳ ಬೇಲಿಯಲ್ಲೂ ಬೆಳೆಯುತ್ತದೆ. ಪುಣೆ, ಹೈದರಾಬಾದಿನ ಎರೆಮಣ್ಣಿನಲ್ಲಿ ಸುಣ್ಣದ ಹರಳುಗಳಿರುತ್ತವೆ. ದೆಹಲಿಯ ಮೆಕ್ಕಲು ಮಣ್ಣು ಬಹುಮಟ್ಟಿಗೆ ಕ್ಷಾರ. ಬೋರ್‌ವೆಲ್‌ನ ಗಡಸು ನೀರು ದಿನವೂ ಕುಂಡಕ್ಕೆ ಚಿಟಿಕೆ ಸುಣ್ಣ ಹಾಕಿದಂತೆ. ಊರಿನ ಗಿಡ ಇಲ್ಲಿ ಹಳದಿಯಾದಾಗ ನಾವು ಪ್ರೀತಿಯಿಂದ ಹಾಕುವ ಒಲೆಬೂದಿ, ಮೊಟ್ಟೆಚಿಪ್ಪುಗಳೂ ಸುಣ್ಣದ ಕೆಲಸವನ್ನೇ ಮಾಡುತ್ತವೆ.

ಹಾಗಾಗಿ ಗಂಧರಾಜ, ಕೇಪಳಗಳಿಗೆ ತೊಳೆದ ಕೊಕೊಪೀಟ್ ಎರಡು ಪಾಲು, ಅರೆಕೊಳೆತ ತರಗೆಲೆ ಒಂದು ಪಾಲು, ಸುಣ್ಣವಿಲ್ಲದ ದಪ್ಪ ಮರಳು ಒಂದು ಪಾಲು, ಒಂದೆರಡು ಹಿಡಿ ಎರೆಹುಳು ಗೊಬ್ಬರ ಸಾಕು. ಅಜೇಲಿಯಾ, ಬ್ಲೂಬೆರಿಗಳಿಗೆ ಸ್ವಲ್ಪ ಗಂಧಕದ ಪುಡಿಯೂ ಬೇಕು. ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ಆಮ್ಲವಾಗಿಸಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ನಿಂಬೆರಸ, ವಿನೆಗರ್‌ಗಳ ಪರಿಣಾಮ ಬೇಗ ಕಳೆದುಹೋಗುತ್ತದೆ. ಮಳೆಗಾಲದಲ್ಲಿ ಒಂದು ಬಕೆಟ್ಟನ್ನು ಬಾಲ್ಕನಿಯ ಹೊರಗಿಡಿ. ಆ ನೀರಿನಲ್ಲಿ ಸುಣ್ಣವಿರುವುದಿಲ್ಲ.