ಕಾದಾಳು, ಮಾಂತ್ರಿಕ, ಪಾದ್ರಿ ಮತ್ತು ತಡವಾಗಿ ಬಂದ ಕಳ್ಳ



ಊಟದ ಬಿಡುವಿನಲ್ಲಿ ಏಳನೆಯ ವರ್ಗದ ಹುಡುಗರು ಬೇವಿನ ಗಿಡದ ಕೆಳಗೆ ಕುಳಿತು ಮೊಬೈಲ್ ಆಟದ ವಿಷಯ ಮಾತಾಡುತ್ತಿದ್ದರು. ಒಬ್ಬ ‘ನನ್ನ ಕ್ಲಾಸ್ ವಾರಿಯರ್’ ಎಂದ. ಇನ್ನೊಬ್ಬ ‘ನಂದು ಮೇಜ್’ ಎಂದ. ‘ಏನಪಾ, ನೀವೆಲ್ಲಾ ಏಳನೇ ಕ್ಲಾಸ್ ಅಲ್ಲೇನು?’ ಎಂದು ಕೇಳಿದೆವು. ಎಲ್ಲರೂ ನಕ್ಕರು. ‘ಆ ಕ್ಲಾಸ್ ಅಲ್ರೀ ಸರ, ಆಟದಾಗ ನಾವು ಯಾರು ಅನ್ನೋದು’ ಎಂದು ಒಬ್ಬ ತಿಳಿಸಿ ಹೇಳಿದ. ಇದನ್ನು ಮೊದಲು ಯಾರು ಮಾಡಿದರು ಎಂದೂ ಅವನೇ ಕೇಳಿದ. ಉತ್ತರ ನಮ್ಮ ಬಳಿ ಇರಲಿಲ್ಲ. ಹುಡುಕಿ ಓದುತ್ತಾ ಹೋದಾಗ ಮೊಬೈಲ್ ಅಲ್ಲ, ಮನೆಮನೆಗೆ ಕಂಪ್ಯೂಟರ್ ಬರುವುದಕ್ಕೂ ಮೊದಲಿನ ಕಾಗದ, ಪೆನ್ಸಿಲ್, ದಾಳಗಳ ಆಟವೊಂದಕ್ಕೆ ಹೋಗಿ ಮುಟ್ಟಿದೆವು.

ಆ ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಂತು. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಒಂದು ಡಬ್ಬಿಯಲ್ಲಿ ಮೂರು ತೆಳು ಪುಸ್ತಕಗಳು. ಮೊದಲ ಮುದ್ರಣ 1000 ಪ್ರತಿ ಅಷ್ಟೇ. ಆಟ ಹೀಗೆ: ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಆಟ ನಡೆಸುವವ. ಅವನು ‘ನಿಮ್ಮ ಮುಂದೆ ಒಂದು ನೆಲಮಾಳಿಗೆ ಇದೆ, ಬಾಗಿಲು ಮುಚ್ಚಿದೆ’ ಎನ್ನುತ್ತಾನೆ. ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ.

ಪಾತ್ರ ಆರಿಸಲು ಮೂರೇ ಕ್ಲಾಸುಗಳು: ಕಾದಾಳು, ಮಾಂತ್ರಿಕ, ಪಾದ್ರಿ. ಯಾರೋ ಕೂತು ಯೋಚಿಸಿ ಬಲ, ಬುದ್ಧಿ, ಭಕ್ತಿ ಎಂದು ಹಂಚಿದ್ದಾರೆ ಎಂದು ನಾವು ಮೊದಲು ಅಂದುಕೊಂಡಿದ್ದೆವು. ಹಾಗಲ್ಲ. ಒಂದೊಂದು ಒಂದೊಂದು ಕಡೆಯಿಂದ ಬಂದದ್ದು.

ಇದಕ್ಕೂ ಮೊದಲು, 1971ರಲ್ಲಿ, ಗೈಗ್ಯಾಕ್ಸ್ ಅವರು ಜೆಫ್ ಪೆರ‍್ರೆನ್ ಜೊತೆ ಸೇರಿ ಚೈನ್‌ಮೇಲ್ ಎಂಬ ಯುದ್ಧದ ಆಟದ ನಿಯಮ ಬರೆದಿದ್ದರು. ಸಣ್ಣ ಸಣ್ಣ ಬೊಂಬೆ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ ಆಡುವ ಆಟ. ಅದರ ಕೊನೆಯ ಭಾಗದಲ್ಲಿ ಕಲ್ಪನೆಯ ಜೀವಿಗಳನ್ನೂ ಸೇರಿಸಿದ್ದರು. ಅಲ್ಲಿ ‘ಹೀರೋ’ ಎಂಬುವನು ನಾಲ್ಕು ಜನರಿಗೆ ಸಮ, ‘ಸೂಪರ್ ಹೀರೋ’ ಎಂಟು ಜನರಿಗೆ ಸಮ. 1974ರ ಆಟದಲ್ಲಿ ಕಾದಾಳು ನಾಲ್ಕನೆಯ ಮೆಟ್ಟಿಲು ಹತ್ತಿದಾಗ ಅವನ ಬಿರುದು ಹೀರೋ, ಎಂಟನೆಯದರಲ್ಲಿ ಸೂಪರ್ ಹೀರೋ! ಹಳೆಯ ಲೆಕ್ಕ ಹಾಗೆಯೇ ಉಳಿದುಕೊಂಡಿತು. ಮಾಂತ್ರಿಕನೂ ಅಲ್ಲಿಂದಲೇ ಬಂದವನು. ಚೈನ್‌ಮೇಲ್‌ನಲ್ಲಿ ಅವನ ಬೆಂಕಿಯುಂಡೆ ದೊಡ್ಡ ಕವಣೆಯಂತ್ರಕ್ಕೆ ಸಮ, ಅವನ ಮಿಂಚು ಫಿರಂಗಿಗೆ ಸಮ. ಅಂದರೆ ಅವನು ಗಡ್ಡ ಬಿಟ್ಟ ಫಿರಂಗಿ ಅಷ್ಟೇ.

ಪಾದ್ರಿಯ ಕಥೆ ಇನ್ನೂ ಸ್ವಾರಸ್ಯ. ಆರ್ನೆಸನ್ ಅವರು ಮಿನ್ನೆಸೋಟ ರಾಜ್ಯದಲ್ಲಿ ತಮ್ಮ ಗೆಳೆಯರಿಗೆ ಬ್ಲ್ಯಾಕ್‌ಮೂರ್ ಎಂಬ ಕಲ್ಪನೆಯ ನಾಡಿನ ಆಟ ನಡೆಸುತ್ತಿದ್ದರು. ಅಲ್ಲಿ ಒಬ್ಬ ಆಟಗಾರನ ಪಾತ್ರ ರಕ್ತ ಹೀರುವ ಪ್ರೇತವಾಗಿ ಸರ್ ಫ್ಯಾಂಗ್ ಎಂಬ ಹೆಸರು ಪಡೆಯಿತು. ಅದು ಬೆಳೆಯುತ್ತಾ ಬೆಳೆಯುತ್ತಾ ಯಾರ ಕೈಗೂ ಸಿಗದಷ್ಟು ಬಲಿಷ್ಠವಾಯಿತು. ಅದನ್ನು ಹಿಡಿಯಲು ಭಯಾನಕ ಸಿನಿಮಾಗಳಲ್ಲಿ ಬರುವ ಪ್ರೇತ ಬೇಟೆಗಾರನಂಥ ಒಬ್ಬ ಬಿಷಪ್ಪನನ್ನು ಸೃಷ್ಟಿಸಿದರು ಎಂದು ಆ ಕಾಲದ ಆಟಗಾರರು ನೆನೆಸಿಕೊಂಡಿದ್ದಾರೆ. ಪ್ರೇತಗಳನ್ನು ಓಡಿಸುವ ಶಕ್ತಿ ಪಾದ್ರಿ ಕ್ಲಾಸಿಗೆ ಇವತ್ತಿಗೂ ಇದೆ. ಒಬ್ಬನ ಉಪಟಳಕ್ಕೆ ಕಂಡುಕೊಂಡ ಮದ್ದು ಐವತ್ತು ವರ್ಷ ಬಾಳಿತು ನೋಡಿ.

ಇನ್ನೊಂದು ಮಾತು ಗಮನಿಸಬೇಕು. ಈ ಮೂವರನ್ನು ಬೇರೆ ಬೇರೆ ಮಾಡುವುದು ಅವರಿಗೆ ಬರುವ ವಿದ್ಯೆಗಿಂತ ಅವರಿಗೆ ಇರುವ ನಿರ್ಬಂಧ. ಮಾಂತ್ರಿಕ ಕವಚ ತೊಡುವಂತಿಲ್ಲ. ಪಾದ್ರಿ ಅಲಗಿನ ಆಯುಧ ಹಿಡಿಯುವಂತಿಲ್ಲ, ಗದೆಯಂಥದ್ದೇ ಆಗಬೇಕು. ಆಟದಲ್ಲಿ ಸಿಗುವ ಒಳ್ಳೆಯ ಮಾಯಾ ಆಯುಧಗಳು ಬಹುಪಾಲು ಕತ್ತಿಗಳೇ, ಹಾಗಾಗಿ ಅವು ಕಾದಾಳುವಿಗೇ ಮೀಸಲಾದವು. ಮಾಂತ್ರಿಕ ಮೊದಲ ಮೆಟ್ಟಿಲಿನಲ್ಲಿ ಒಂದೇ ಒಂದು ಮಂತ್ರ ಬಾಯಿಪಾಠ ಮಾಡಿಕೊಳ್ಳಬಹುದು. ಹೇಳಿದ ಕೂಡಲೇ ಅದು ಮರೆತುಹೋಗುತ್ತದೆ. ಈ ಕಲ್ಪನೆ ಜಾಕ್ ವ್ಯಾನ್ಸ್ ಎಂಬ ಲೇಖಕರ ಕಥೆಗಳಿಂದ ಬಂದದ್ದು. (ಪರೀಕ್ಷೆ ಬರೆದು ಹೊರಬಂದ ನಮ್ಮ ಮಕ್ಕಳೂ ಹೀಗೆಯೇ!) ಎರಡನೆಯ ಮೆಟ್ಟಿಲು ಹತ್ತಲು ಪಾದ್ರಿಗೆ 1500 ಅಂಕ ಸಾಕು, ಕಾದಾಳುವಿಗೆ 2000, ಮಾಂತ್ರಿಕನಿಗೆ 2500. ಮುಂದೆ ಹೆಚ್ಚು ಬಲ ಸಿಗುವವನಿಗೆ ಆರಂಭದಲ್ಲಿ ಹೆಚ್ಚು ಕಷ್ಟ.

ಮೂವರಿಗೂ ಸೇರದ ಕೆಲಸಗಳನ್ನು ಎಲ್ಲರೂ ಮಾಡುತ್ತಿದ್ದರು. ಬಾಗಿಲಿಗೆ ಕಿವಿಗೊಡುವುದು, ಗೋಡೆ ಹತ್ತುವುದು, ನೆಲದಲ್ಲಿ ಹೂತಿಟ್ಟ ಬಲೆಯನ್ನು ಕೋಲಿನಿಂದ ತಟ್ಟಿ ನೋಡುವುದು. ಹೇಗೆ ಮಾಡುತ್ತೇನೆ ಎಂದು ಬಾಯಲ್ಲಿ ವಿವರಿಸಿದರೆ, ಆಟ ನಡೆಸುವವ ಒಪ್ಪಿದರೆ, ಆಯಿತು.

1975ರಲ್ಲಿ ಗ್ರೇಹಾಕ್ ಎಂಬ ಪೂರಕ ಪುಸ್ತಕ ಬಂತು. ಅದರಲ್ಲಿ ಕಳ್ಳ ಬಂದ. ಅವನ ಮೂಲ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದ ಒಂದು ಆಟಿಕೆ ಅಂಗಡಿ. ಅಲ್ಲಿನ ಗ್ಯಾರಿ ಸ್ವಿಟ್ಜರ್ ಎಂಬುವರು ತಮ್ಮ ಗುಂಪಿನಲ್ಲಿ ಆಡುತ್ತಿದ್ದ ಕಳ್ಳನ ಪಾತ್ರದ ಬಗ್ಗೆ ಗೈಗ್ಯಾಕ್ಸ್ ಅವರಿಗೆ ಫೋನಿನಲ್ಲಿ ಹೇಳಿದ್ದರು. ಬೀಗ ತೆಗೆಯುವುದು, ಬಲೆ ಬಿಡಿಸುವುದು, ಸದ್ದಿಲ್ಲದೆ ನಡೆಯುವುದು, ನೆರಳಲ್ಲಿ ಅಡಗುವುದು, ಇವೆಲ್ಲಾ ಈಗ ಕಳ್ಳನ ಹೆಸರಿನಲ್ಲಿ ಅಂಕಿಗಳಾಗಿ ಅಚ್ಚಾದವು. ಇಲ್ಲೇ ಆಟ ತಿರುವು ಪಡೆಯಿತು ಎಂಬುದು ನಮ್ಮ ಅಭಿಪ್ರಾಯ. ಅಂಕಿ ಇರುವವನು ಒಬ್ಬ ಬಂದ ಮೇಲೆ, ಅಂಕಿ ಇಲ್ಲದವರಿಗೆ ಆ ಕೆಲಸ ಬರುವುದಿಲ್ಲ ಎಂದು ಅರ್ಥ ಮಾಡಿಕೊಳ್ಳುವುದು ಸುಲಭವಾಯಿತು. ಹಾಗೆಂದು ಕಳ್ಳನೇನು ಪ್ರವೀಣನಲ್ಲ. 1981ರ ಬೇಸಿಕ್ ಆವೃತ್ತಿಯಲ್ಲಿ ಮೊದಲ ಮೆಟ್ಟಿಲಿನ ಕಳ್ಳ ಬೀಗ ತೆಗೆಯುವ ಸಾಧ್ಯತೆ ನೂರಕ್ಕೆ 15!

ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಂದು ವರ್ಷ ಬೋರ್ಡ್ ಒರೆಸುವ ಕೆಲಸಕ್ಕೆ ಒಬ್ಬ ಹುಡುಗನನ್ನು ನೇಮಿಸಿದ್ದೆವು. ಅಲ್ಲಿಯವರೆಗೆ ಮೊದಲು ಬಂದವರು ಒರೆಸುತ್ತಿದ್ದರು, ಯಾರಿಗೂ ಹೇಳಬೇಕಿರಲಿಲ್ಲ. ನೇಮಿಸಿದ ಮೇಲೆ ಆ ಹುಡುಗ ಜ್ವರ ಬಂದು ಮೂರು ದಿನ ಬರಲಿಲ್ಲ. ಬೋರ್ಡ್ ಹಾಗೇ ಇತ್ತು. ಕೇಳಿದರೆ ‘ಅದು ಅವನ ಕೆಲಸ ಅಲ್ರೀ ಸರ’ ಎಂಬ ಉತ್ತರ. ತಪ್ಪು ಮಕ್ಕಳದ್ದಲ್ಲ, ನಮ್ಮದೇ.

ಆಮೇಲೆ ಕ್ಲಾಸುಗಳ ಸಾಲೇ ಬಂತು. ಪ್ಯಾಲಡಿನ್, ರೇಂಜರ್, ಮಾಂಕ್, ಡ್ರೂಯಿಡ್, ಬಾರ್ಡ್. ಅವುಗಳ ವಿವರಕ್ಕೆ ಹೋಗುವುದಿಲ್ಲ. ಒಂದನ್ನು ಮಾತ್ರ ಹೇಳಬೇಕು. ಮೊದಲ ಪುಸ್ತಕಗಳಲ್ಲೇ ಕುಬ್ಜ ಜನಾಂಗದ ಪಾತ್ರ ಕಾದಾಳು ಮಾತ್ರ ಆಗಬಹುದಿತ್ತು, ಅದೂ ಆರನೆಯ ಮೆಟ್ಟಿಲಿಗೆ ನಿಲ್ಲಬೇಕಿತ್ತು. 1981ರ ಬೇಸಿಕ್ ಆವೃತ್ತಿಯಲ್ಲಿ ಎಲ್ಫ್, ಕುಬ್ಜ ಎಂಬ ಜನಾಂಗಗಳೇ ಕ್ಲಾಸುಗಳಾದವು. ಹುಟ್ಟೇ ಕಸುಬಾಯಿತು. ಕಲಿಯಲು ಸುಲಭವೆಂದು ಮಾಡಿದ್ದಿರಬಹುದು, ಆದರೆ ನಮಗೆ ಹಿಡಿಸಲಿಲ್ಲ. ಕಾರಣವನ್ನು ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಿಲ್ಲ.

ಕ್ಲಾಸೇ ಬೇಡ ಎಂದವರೂ ಇದ್ದರು. 1978ರಲ್ಲಿ ಸ್ಟೀವ್ ಪೆರಿನ್ ಮತ್ತು ಸಂಗಡಿಗರು ರೂನ್‌ಕ್ವೆಸ್ಟ್ ಎಂಬ ಆಟ ತಂದರು. ಅಲ್ಲಿ ಯಾರು ಬೇಕಾದರೂ ಕತ್ತಿ ಹಿಡಿಯಬಹುದು, ಬೀಗ ಮುಟ್ಟಬಹುದು, ಮಂತ್ರ ಹೇಳಬಹುದು. ಒಂದು ಕೆಲಸವನ್ನು ಮಾಡಿ ಗೆದ್ದರೆ ಹಾಳೆಯಲ್ಲಿ ಅದರ ಮುಂದೆ ಗುರುತು ಹಾಕಬೇಕು. ಸಾಹಸ ಮುಗಿದ ಮೇಲೆ ದಾಳ ಹಾಕಿ ಆ ವಿದ್ಯೆ ಹೆಚ್ಚಿತೋ ಇಲ್ಲವೋ ನೋಡಬೇಕು. ಮೊದಲೇ ಚೆನ್ನಾಗಿ ಬರುವವನಿಗೆ ಹೆಚ್ಚುವ ಸಾಧ್ಯತೆ ಕಡಿಮೆ, ಕಡಿಮೆ ಬರುವವನಿಗೆ ಜಾಸ್ತಿ.

ಮರುದಿನ ಇಷ್ಟನ್ನೂ ಬೇವಿನ ಗಿಡದ ಕೆಳಗೆ ಹೇಳಿದೆವು. ಪ್ರಶ್ನೆ ಕೇಳಿದ್ದ ಹುಡುಗ ಸ್ವಲ್ಪ ಹೊತ್ತು ಯೋಚಿಸಿ, ‘ಹಂಗಾದ್ರ ಆ ಆಟದಾಗ ಕಳ್ಳರ ಇಲ್ಲೇನ್ರೀ ಸರ?’ ಎಂದ. ಕಳ್ಳರು ಇದ್ದಾರೆ, ಆದರೆ ಬೀಗ ತೆಗೆಯುವುದು ಅವರೊಬ್ಬರ ಕೆಲಸವಲ್ಲ ಎಂದೆವು. ಅಷ್ಟರಲ್ಲಿ ಗಂಟೆ ಬಾರಿಸಿತು.