ಅಜ್ಜಿಮನೆಯ ಇನ್ನೊಂದು ಹೆಸರು

ರಾಜಕೀಯ ವರದಿಗಳಲ್ಲಿ ‘ಮುಖ್ಯಮಂತ್ರಿಗಳ ತವರು ಜಿಲ್ಲೆ’ ಎಂದೂ ಕ್ರೀಡಾಪುಟಗಳಲ್ಲಿ ‘ತವರು ಮೈದಾನ’ ಎಂದೂ ದಿನಬೆಳಗಾದರೆ ಅಚ್ಚಾಗುತ್ತಿದ್ದು, ಮದುವೆಯಾದ ಹೆಣ್ಣು ಹುಟ್ಟಿ ಬೆಳೆದ ಮನೆಗೆ ಸಲ್ಲುತ್ತಿದ್ದ ಪದವು ಊರು ಬಿಟ್ಟು ಕದಲಬೇಕಾಗಿಯೇ ಇರದವರ ಸೊತ್ತಾಗಿಬಿಟ್ಟಿರುವುದು ಬೇಸರದ ಸಂಗತಿ. ಸಾಲಿಗ್ರಾಮ, ಕೃಷ್ಣರಾಜನಗರ, ಪಿರಿಯಾಪಟ್ಟಣಗಳ ಕಡೆ ‘ತೌರು’ ಎಂದು ಕೇಳಿಬರುವ ಈ ಪದ ಹೆಂಗಸರ ಬಾಯಲ್ಲೇ ಹುಟ್ಟಿರಬೇಕು. ಏಕೆಂದರೆ ಧಾರೆಯ ಹಿಂದಿನ ದಿನದವರೆಗೂ ಬರಿಯ ‘ಮನೆ’ಯಾಗಿದ್ದುದಕ್ಕೆ ಮಾರನೆಯ ದಿನ ಬೇರೆ ಹೆಸರು ಬೇಕಾಗುವುದು ಅದನ್ನು ಬಿಟ್ಟು ಹೊರಟವಳಿಗೆ, ಅಲ್ಲಿಯೇ ಉಳಿದ ಅಣ್ಣತಮ್ಮಂದಿರಿಗೆ ಆ ಅಗತ್ಯ ಬೀಳುವುದಿಲ್ಲ.

ಅದೇ ಮನೆಯನ್ನು ಅವಳ ಮಕ್ಕಳು ‘ಅಜ್ಜಿಮನೆ’ ಎನ್ನುತ್ತಾರೆ. ಜಗಲಿಯೂ ಹಿತ್ತಲೂ ಒಂದೇ ಆದರೂ, ಚುಂಚನಕಟ್ಟೆಯ ಜಾತ್ರೆಗೆ ಓರಗೆಯವರೊಡನೆ ಹೋಗಿ ಬಳೆ ತೊಟ್ಟುಬಂದ, ಅಪ್ಪನಿಗೆ ಎದುರಾಡಿ ಅಣ್ಣನಿಂದ ಬೈಸಿಕೊಂಡ ಹುಡುಗಿಯೊಬ್ಬಳು ‘ತೌರು’ ಎಂಬ ಮಾತಿನೊಳಗೆ ಇದ್ದಾಳೆ, ‘ಅಜ್ಜಿಮನೆ’ಯಲ್ಲಿ ಇಲ್ಲ. ಆಷಾಢದಲ್ಲಿ ತವರಿಗೆ ಬಂದ ಮದುಮಗಳು ಹೊತ್ತೇರುವವರೆಗೆ ಮಲಗಿದ್ದರೂ ಯಾರೂ ಎಬ್ಬಿಸದಿರುವುದು ಆ ಹುಡುಗಿಗೆ ಸಲ್ಲುವ ಮರ್ಯಾದೆ.

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯನ್ನು ಇಲ್ಲಿ ನಿಧಾನವಾಗಿ ಗಮನಿಸಬೇಕು. ಹೆಣ್ಣು ನೋಡಲು ಹೋದವರು ತಾಯಿಯ ನಡೆನುಡಿಯಿಂದ ಮಗಳ ಗುಣವನ್ನು ಅಳೆಯಲು ಬಳಸುವ ಈ ಮಾತನ್ನು ಹಿಂದುಮುಂದಾಗಿ ಓದಿದವರು ವಿರಳ. ನೂಲು ಸೀರೆಗಿಂತ ಮೊದಲಿನದು. ಸೀರೆಯಾಗಿ ನೇಯುವ ಮುನ್ನ ಅದಕ್ಕೆ ತನ್ನದೇ ಆದ ಬಣ್ಣವೂ ಹುರಿಯೂ ಇದ್ದವು, ಅದು ಬೇರೇನಾದರೂ ಆಗಬಹುದಿತ್ತು. ಮಗಳ ಹಟ, ಕನ್ನಡಿಯ ಮುಂದಿನ ಹೊತ್ತು, ಕಾರಣವಿಲ್ಲದ ನಗು ಇವುಗಳಿಂದ ತಾಯಿಯ ಹರೆಯವನ್ನು ಊಹಿಸಲು ಗಾದೆಯೇ ಅನುಮತಿ ಕೊಡುತ್ತದೆ. ಆದರೂ ‘ನಿನ್ನ ವಯಸ್ಸಿನಲ್ಲಿ ನಾನು ಹೀಗಿರಲಿಲ್ಲ’ ಎಂಬ ತಾಯಿಯ ಮಾತನ್ನೇ ಮಕ್ಕಳು ಪ್ರಮಾಣವೆಂದು ಒಪ್ಪಿಕೊಂಡುಬಿಡುತ್ತಾರೆ.

ಆ ಹರೆಯದ ಅಳತೆಯೂ ಎಲ್ಲ ತಲೆಮಾರಿಗೆ ಒಂದೇ ಆಗಿರಲಿಲ್ಲ. ಮೈಸೂರು ಸಂಸ್ಥಾನದ 1894ರ ಕಾಯಿದೆಯು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ತಡೆಯಿತು. 1929ರ ಶಾರದಾ ಕಾಯಿದೆ ಬ್ರಿಟಿಷ್ ಆಡಳಿತದ ಸೀಮೆಯಲ್ಲಿ ಹೆಣ್ಣಿನ ಮದುವೆಯ ವಯಸ್ಸನ್ನು 14 ಎಂದು ಗೊತ್ತುಮಾಡಿತು. 18 ಎಂಬ ಗಡಿ ಬಂದದ್ದು 1978ರಲ್ಲಿ. ಹೀಗಾಗಿ ಮುತ್ತಜ್ಜಿಯ ತವರೆಂದರೆ ಹೆಚ್ಚಿನಂಶ ಕುಂಟೆಬಿಲ್ಲೆಯ ಕಾಲವಾಗಿದ್ದರೆ, ಮೊಮ್ಮಗಳ ತವರಿನಲ್ಲಿ ಕಾಲೇಜೂ ಸಂಬಳವೂ ಸೇರಿಕೊಂಡಿವೆ.

ಚೊಚ್ಚಲ ಬಾಣಂತನ, ಅಂದರೆ ಮೊದಲ ಹೆರಿಗೆಯ ನಂತರದ ಆರೈಕೆ, ತವರಿನದೇ ಹೊಣೆ ಎಂಬ ವಾಡಿಕೆಯನ್ನು ಖರ್ಚಿನ ಹಂಚಿಕೆಯೆಂದು ವಿವರಿಸುವವರಿದ್ದಾರೆ. ಆ ವಿವರಣೆ ಸಾಲದು. ಮಗಳಾಗಿದ್ದ ಮನೆಯಲ್ಲೇ ತಾಯಾಗುವುದರಿಂದ, ಅವಳ ಮೊದಲಿನ ಬದುಕನ್ನು ಬಲ್ಲ ಅಕ್ಕಪಕ್ಕದವರು ಕೂಸಿನ ಸುತ್ತ ನೆರೆದು, ಅದರ ತಾಯಿಯನ್ನು ಇನ್ನೂ ಹಳೆಯ ಅಡ್ಡಹೆಸರಿನಿಂದಲೇ ಕೂಗುತ್ತಾರೆ. ಈಗಿನ ನಗರದ ಹೆಣ್ಣುಮಕ್ಕಳು ತವರೆನ್ನದೆ ‘ಅಮ್ಮನ ಮನೆ’ ಎನ್ನುವುದು ತಪ್ಪಲ್ಲವಾದರೂ, ಹಾಗೆನ್ನುವಾಗ ತಮ್ಮದೇ ಹರೆಯ ಕಳೆದ ಮನೆಯನ್ನು ಪೂರ್ತಿಯಾಗಿ ಇನ್ನೊಬ್ಬರ ಹೆಸರಿಗೆ ಬರೆದುಕೊಟ್ಟಂತಾಗುತ್ತದೆ.