ಬಾಯಿ ಕ್ಯಾನ್ಸರಿನಲ್ಲಿ ಕುತ್ತಿಗೆಯ ಶಸ್ತ್ರಚಿಕಿತ್ಸೆ: ಬೆಂಗಳೂರು ಪೇಟೆಯಿಂದ ಕಂಡ ಇತಿಹಾಸ

ನಾಲಿಗೆ, ಕೆನ್ನೆಯ ಒಳಮೈ, ಒಸಡು ಅಥವಾ ನಾಲಿಗೆಯ ಅಡಿಯಲ್ಲಿ ಹುಟ್ಟಿದ ಕ್ಯಾನ್ಸರ್ ಇನ್ನೂ ಚಿಕ್ಕದು. ಕುತ್ತಿಗೆಯಲ್ಲಿ ಗಂಟು ಕೈಗೂ ಸಿಕ್ಕಿಲ್ಲ, ಸ್ಕ್ಯಾನಿನಲ್ಲೂ ಕಂಡಿಲ್ಲ. ಹೀಗಿರುವಾಗ ಬಾಯಿಯ ಗಡ್ಡೆಯ ಜೊತೆಗೇ ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ ತೆಗೆಯಬೇಕೆ, ಅಥವಾ ಗಂಟು ಕಾಣಿಸಿಕೊಂಡ ಮೇಲೆ ತೆಗೆದರೆ ಸಾಕೆ? ಮೊದಲನೆಯದನ್ನು ಮುಂಜಾಗ್ರತೆಯ ಶಸ್ತ್ರಚಿಕಿತ್ಸೆ ಎಂದೂ ಎರಡನೆಯದನ್ನು ಕಾದು ನೋಡುವ ಕ್ರಮ ಎಂದೂ ಕರೆಯುತ್ತಾರೆ. ನೂರಕ್ಕೂ ಹೆಚ್ಚು ವರ್ಷ ಎಳೆದಾಡಿದ ಈ ವಾದಕ್ಕೆ 2015ರಲ್ಲಿ ಗಟ್ಟಿಯಾದ ಉತ್ತರ ಕೊಟ್ಟದ್ದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ. ಲಂಡನ್, ನ್ಯೂಯಾರ್ಕುಗಳಲ್ಲಿ ಮೊದಲಾದ ಚರ್ಚೆ ಎಲೆಅಡಿಕೆ, ಹೊಗೆಸೊಪ್ಪಿನ ನಾಡಿಗೆ ಬಂದು ಇತ್ಯರ್ಥವಾದದ್ದು ಆಕಸ್ಮಿಕವಲ್ಲ.

ನಾಲಿಗೆಯಲ್ಲಿ ದುಗ್ಧನಾಳಗಳ ಬಲೆ ದಟ್ಟವಾಗಿದೆ. ಗಡ್ಡೆಯಿಂದ ಕಳಚಿಕೊಂಡ ಜೀವಕೋಶಗಳು ಆ ನಾಳಗಳ ಮೂಲಕ ಮೊದಲು ದವಡೆಯ ಕೆಳಗಿನ, ಆಮೇಲೆ ಕುತ್ತಿಗೆಯ ಮೇಲುಭಾಗದ ಗ್ರಂಥಿಗಳಿಗೆ ಹೋಗಿ ಕೂರುತ್ತವೆ. ಹಾಗೆ ಕೂತದ್ದು ಬೆಳೆದು ಗಂಟಾಗಲು ತಿಂಗಳುಗಳು ಬೇಕು. ವೈದ್ಯರು ರೋಗಿಯ ಹಿಂದೆ ನಿಂತು, ಗಲ್ಲ ತುಸು ತಗ್ಗಿಸಲು ಹೇಳಿ, ಎರಡೂ ಕೈಯ ಬೆರಳುಗಳನ್ನು ದವಡೆಯ ಅಂಚಿನಡಿ ಕೊಕ್ಕೆಯಂತೆ ಮಡಚಿ ಕಿವಿಯ ಬುಡದಿಂದ ಗಲ್ಲದವರೆಗೆ ತಡವುತ್ತಾ ಬರುತ್ತಾರೆ. ಅಕ್ಕಿಕಾಳಿನಷ್ಟಿರುವುದು ಆ ಬೆರಳಿಗೆ ಸಿಗದು. ಹುರಿಗಡಲೆಯಷ್ಟಾದರೆ ಸಿಕ್ಕೀತು, ಸಿಗದೆಯೂ ಹೋದೀತು. ಇಡೀ ವಾದ ಹುಟ್ಟಿದ್ದು ಈ ಅನುಮಾನದ ಜಾಗದಲ್ಲಿ.

ಬೆಂಗಳೂರಿನ ಹಳೆಯ ಪೇಟೆಗೆ ಈ ಕಾಯಿಲೆ ಹೊಸದಲ್ಲ. ಚಿಕ್ಕಪೇಟೆಯಿಂದ ಮಾರುಕಟ್ಟೆ ದಾಟಿದರೆ ಸಿಗುವ ವಿಕ್ಟೋರಿಯಾ ಆಸ್ಪತ್ರೆಯನ್ನು 1900ರಲ್ಲಿ ವೈಸರಾಯ್ ಕರ್ಜನ್ ಉದ್ಘಾಟಿಸಿದರು. 1955ರಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜು, 1958ರಲ್ಲಿ ಕೋಟೆಯ ಪಕ್ಕದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಬಂದವು. ಕ್ಯಾನ್ಸರಿಗೇ ಮೀಸಲಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಶುರುವಾದದ್ದು 1973ರಲ್ಲಿ. ಕೇಂದ್ರದ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿ ಅವರ ಹೆಸರು ಊರಿನವರ ಬಾಯಲ್ಲಿ ಒಂದು ಕಾಯಿಲೆಯ ಹೆಸರೇ ಆಗಿಬಿಟ್ಟಿದೆ. ‘ಕಿದ್ವಾಯಿಗೆ ಬರೆದುಕೊಟ್ಟರು’ ಎಂದರೆ ಸಾಕು, ಮನೆಯವರು ಮುಂದಿನದನ್ನು ಕೇಳುವುದಿಲ್ಲ.

1982ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದಲ್ಲಿ ಮೊದಲು ಕ್ಯಾನ್ಸರ್ ನೋಂದಣಿ ಆರಂಭಿಸಿದ ಊರುಗಳಲ್ಲಿ ಬೆಂಗಳೂರೂ ಒಂದು. ಕಿದ್ವಾಯಿಯಲ್ಲಿ ನೆಲೆಗೊಂಡ ಈ ನೋಂದಣಿಯ ಆಧಾರದಿಂದ ಎ. ನಂದಕುಮಾರ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಓದತಕ್ಕದ್ದು. ಬಾಯಿ ಕ್ಯಾನ್ಸರಾದ 348 ಮಂದಿಯನ್ನು ಅದೇ ಬಡಾವಣೆಗಳ, ಅದೇ ವಯಸ್ಸಿನ, ಕ್ಯಾನ್ಸರ್ ಇಲ್ಲದವರ ಜೊತೆ ಅವರು ಹೋಲಿಸಿ ನೋಡಿದರು. ಹೊಗೆಸೊಪ್ಪು ಸೇರಿದ ಎಲೆಅಡಿಕೆ ಹಾಕುವ ಹೆಂಗಸರಿಗೆ ಅಪಾಯ 25 ಪಟ್ಟು. ಗಂಡಸರಿಗಿಂತ ಎಷ್ಟೋ ಹೆಚ್ಚು. ಎಲೆಅಡಿಕೆಯನ್ನು ದವಡೆಯಲ್ಲಿ ಒತ್ತರಿಸಿಕೊಂಡೇ ನಿದ್ದೆ ಹೋಗುವ ಅಭ್ಯಾಸವಿದ್ದವರಿಗೆ ಸುಮಾರು 17 ಪಟ್ಟು. ಬೀಡಿ, ಸಿಗರೇಟು, ಮದ್ಯ, ನಶ್ಯಗಳ ಪಾಲು ಇದರೆದುರು ಅಲ್ಪ. ಮನೆಯ ಅಜ್ಜಿಯರ ಕುಟ್ಟಾಣಿ, ಸುಣ್ಣದ ಡಬ್ಬಿ, ಕಡ್ಡಿಪುಡಿ ಪೊಟ್ಟಣವನ್ನು ಕಂಡು ಬೆಳೆದವರಿಗೆ ಈ ಅಂಕಿಗಳ ಹಿಂದಿನ ಮುಖಗಳು ಕಾಣುತ್ತವೆ.

ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿತ್ತು: ರಾಗಿಯನ್ನೇ ಮುಖ್ಯ ಆಹಾರವಾಗಿ ಉಣ್ಣುವವರಲ್ಲಿ ಈ ಕಾಯಿಲೆ ಹೆಚ್ಚು ಕಂಡಿತು, ರಾಗಿಯೂ ಹೊಗೆಸೊಪ್ಪೂ ಸೇರಿದವರಲ್ಲಿ ಮತ್ತೂ ಹೆಚ್ಚು. ರಾಗಿ ತಿಂದವ ನಿರೋಗಿ ಎನ್ನುವ ನಾಡಿನಲ್ಲಿ ಇದು ಮುಜುಗರದ ಫಲಿತಾಂಶ. ರಾಗಿ ಕಾರಣವೋ, ರಾಗಿಯನ್ನೇ ನಂಬಿ ಬದುಕುವ ಬಡತನ ಕಾರಣವೋ ಎಂಬುದು ಇಂಥ ಒಂದು ಹೋಲಿಕೆಯಿಂದ ತೀರ್ಮಾನವಾಗುವ ವಿಷಯವಲ್ಲ. ಮುದ್ದೆ ಬಿಡಬೇಕೆಂದು ಇದನ್ನು ಓದಿಕೊಳ್ಳಬಾರದು. ಹೊಗೆಸೊಪ್ಪಿನ ವಿಷಯದಲ್ಲಿ ಮಾತ್ರ ಅಂಥ ಗೊಂದಲವೇನೂ ಇಲ್ಲ. ಹೊಗೆಸೊಪ್ಪಿಲ್ಲದ ಎಲೆಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಹೇಳಿತು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯಕ್ಕೆ ಅದು ಇನ್ನೂ ಅರಗದ ಮಾತು.

ಕುತ್ತಿಗೆಯ ಕಡೆಗೆ ಬಂದರೆ, ನಾಲಿಗೆಯ ಕ್ಯಾನ್ಸರಿನಲ್ಲಿ ಗಂಟು ಊದುವ ಮೊದಲೇ ಗ್ರಂಥಿಗಳನ್ನು ತೆಗೆಯಬೇಕೆಂದು ಲಂಡನ್ನಿನ ಹೆನ್ರಿ ಬಟ್ಲಿನ್ 19ನೇ ಶತಮಾನದ ಕೊನೆಯಲ್ಲೇ ವಾದಿಸಿದ್ದರು. 1888ರಲ್ಲಿ ವಾರ್ಸಾದ ಯಾವ್ಡಿನ್‌ಸ್ಕಿ ಇಡೀ ಗ್ರಂಥಿಗುಚ್ಛವನ್ನು ಒಟ್ಟಿಗೆ ತೆಗೆದರು. ಪೋಲಿಷ್ ಭಾಷೆಯಲ್ಲಿ ಬರೆದದ್ದರಿಂದ ಹೊರಗಿನವರು ಬಹುಕಾಲ ಗಮನಿಸಲಿಲ್ಲ. ಹೆಸರು ಬಂದದ್ದು ಅಮೆರಿಕದ ಕ್ಲೀವ್‌ಲ್ಯಾಂಡಿನ ಜಾರ್ಜ್ ಕ್ರೈಲ್‌ಗೆ. ಅವರು 1906ರಲ್ಲಿ 132 ಶಸ್ತ್ರಚಿಕಿತ್ಸೆಗಳ ಅನುಭವ ಪ್ರಕಟಿಸಿದರು. ಅರ್ಧ ಶತಮಾನ ಕಳೆದು, 1951ರಲ್ಲಿ, ನ್ಯೂಯಾರ್ಕಿನ ಹೇಸ್ ಮಾರ್ಟಿನ್ ಅದಕ್ಕೆ ಕಟ್ಟುನಿಟ್ಟಿನ ರೂಪ ಕೊಟ್ಟರು. ಕುತ್ತಿಗೆಯ ದೊಡ್ಡ ಸ್ನಾಯು, ಒಳ ಅಭಿಧಮನಿ, ಭುಜ ಎತ್ತಿಸುವ ನರ, ಗ್ರಂಥಿಗಳ ಜೊತೆಗೆ ಎಲ್ಲವೂ ಹೋಗಬೇಕು. ಇಷ್ಟು ಕಟುವಾದ ಮಾರ್ಟಿನ್ನರೇ ಗಂಟಿಲ್ಲದ ಕುತ್ತಿಗೆಗೆ ಮುಂಜಾಗ್ರತೆಯ ಶಸ್ತ್ರಚಿಕಿತ್ಸೆ ಬೇಡವೆಂದರು. ಅವರ ದೃಷ್ಟಿಯಿಂದ ಅದು ಸರಿಯೇ: ಅಷ್ಟು ದೊಡ್ಡ ಬೆಲೆಯನ್ನು ಇದೆಯೋ ಇಲ್ಲವೋ ತಿಳಿಯದ ರೋಗಕ್ಕೆ ತೆರಲಾಗದು.

ಬೆಲೆ ಇಳಿದದ್ದು ಆಮೇಲೆ. 1960ರ ದಶಕದಲ್ಲಿ ಅರ್ಜೆಂಟೀನಾದ ಸುವಾರೆಸ್ ಮತ್ತು ಇಟಲಿಯ ಬೊಕ್ಕಾ ನರ, ಸ್ನಾಯು, ಅಭಿಧಮನಿ ಉಳಿಸಿಯೂ ಗ್ರಂಥಿ ತೆಗೆಯಬಹುದೆಂದು ತೋರಿಸಿದರು. ಯಾವ ಜಾಗದ ಕ್ಯಾನ್ಸರ್ ಯಾವ ಗ್ರಂಥಿಗೆ ಹೋಗುತ್ತದೆಂಬ ನಕ್ಷೆ 1972ರಲ್ಲಿ ಲಿಂಡ್‌ಬರ್ಗ್ ಅವರ ಲೇಖನದಿಂದ ಸ್ಪಷ್ಟವಾಯಿತು. ಬಾಯಿಯ ಕ್ಯಾನ್ಸರಿಗೆ ಕುತ್ತಿಗೆಯ ಮೇಲಿನ ಮೂರು ಮಜಲುಗಳನ್ನು ತೆಗೆದರೆ ಸಾಕು ಎಂಬ ಕ್ರಮ ಹೀಗೆ ರೂಢಿಗೆ ಬಂತು.

ಆದರೂ ತೆಗೆಯಬೇಕೋ ಬೇಡವೋ ಎಂಬುದು ಹಾಗೇ ಉಳಿಯಿತು. 1980ರಲ್ಲಿ ಫ್ರಾನ್ಸ್, 1989ರಲ್ಲಿ ಮುಂಬಯಿ, 1994ರಲ್ಲಿ ಬ್ರೆಜಿಲ್, 2009ರಲ್ಲಿ ಹಾಂಗ್‌ಕಾಂಗಿನಿಂದ ಒಂದೊಂದು ಪ್ರಯೋಗ ಪ್ರಕಟವಾದವು. ನಾಲ್ಕೂ ಸೇರಿ ರೋಗಿಗಳು 283. ಒಂದು ಹೌದೆಂದರೆ ಇನ್ನೊಂದು ವ್ಯತ್ಯಾಸವಿಲ್ಲ ಎಂದಿತು. ಈ ಮಧ್ಯೆ 1994ರಲ್ಲಿ ವೈಸ್ ಮತ್ತು ಸಂಗಡಿಗರು ಕಾಗದದ ಮೇಲೆ ಲೆಕ್ಕ ಹಾಕಿ, ಅಡಗಿದ ಗಂಟಿನ ಸಂಭವ ಶೇ. 20 ದಾಟಿದರೆ ಶಸ್ತ್ರಚಿಕಿತ್ಸೆ, ಒಳಗಿದ್ದರೆ ಕಾಯುವುದು ಎಂಬ ಗೆರೆ ಎಳೆದರು. ಇಪ್ಪತ್ತು ವರ್ಷ ಜಗತ್ತು ಆ ಗೆರೆಯನ್ನೇ ಹಿಡಿದು ನಡೆಯಿತು.

2004ರ ಜನವರಿಯಲ್ಲಿ ಟಾಟಾ ಸ್ಮಾರಕದ ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು ದೊಡ್ಡ ಪ್ರಯೋಗಕ್ಕೆ ಕೈಹಾಕಿದರು. ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬಾಯಿಯ ಜೊತೆಗೇ ಕುತ್ತಿಗೆ, ಇನ್ನೊಂದಕ್ಕೆ ಬಾಯಿ ಮಾತ್ರ. ಗಂಟು ಬಂದರಷ್ಟೇ ಕುತ್ತಿಗೆ. 710 ಮಂದಿಯನ್ನು ಸೇರಿಸಬೇಕೆಂದಿದ್ದರು. ಮೊದಲ 500 ಮಂದಿಯ ಫಲಿತಾಂಶ ಕಂಡ ಮೇಲ್ವಿಚಾರಣಾ ಸಮಿತಿ 2014ರಲ್ಲಿ, 596ನೇ ರೋಗಿಗೇ ಸೇರ್ಪಡೆ ನಿಲ್ಲಿಸಿತು. ಮೂರು ವರ್ಷದ ಹೊತ್ತಿಗೆ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ. 80, ಕಾದು ನೋಡಿದ ಗುಂಪಿನಲ್ಲಿ ಶೇ. 67.5. ರೋಗ ಮರುಕಳಿಸದೆ ಉಳಿದವರು ಶೇ. 69.5 ಮತ್ತು ಶೇ. 45.9. ಎಂಟು ಮಂದಿಗೆ ಕುತ್ತಿಗೆಯ ಶಸ್ತ್ರಚಿಕಿತ್ಸೆ ಮಾಡಿದರೆ ಒಂದು ಜೀವ ಉಳಿಯುತ್ತದೆ. 2015ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಇದನ್ನು ಪ್ರಕಟಿಸಿತು. ಭಾರತದ ಒಂದೇ ಆಸ್ಪತ್ರೆಯಲ್ಲಿ ನಡೆದ ಶಸ್ತ್ರಚಿಕಿತ್ಸಾ ಪ್ರಯೋಗ ಜಗತ್ತಿನ ರೂಢಿಯನ್ನೇ ಬದಲಿಸಿದ ಇಂಥ ನಿದರ್ಶನಗಳು ಬೆರಳೆಣಿಕೆಯಷ್ಟು.

ಈ ಅಂಕಿಗಳ ಹಿಂದಿನ ಒಂದು ವಿವರವನ್ನು ಹೆಚ್ಚಿನವರು ದಾಟಿಕೊಂಡು ಹೋಗುತ್ತಾರೆ. ಪ್ರಯೋಗದಲ್ಲಿ ಕಾಯುವುದೆಂದರೆ ಸುಮ್ಮನಿರುವುದಾಗಿರಲಿಲ್ಲ. ಮೊದಲ ಆರು ತಿಂಗಳು ನಾಲ್ಕು ವಾರಕ್ಕೊಮ್ಮೆ, ಮುಂದಿನ ಆರು ತಿಂಗಳು ಆರು ವಾರಕ್ಕೊಮ್ಮೆ, ಎರಡನೆಯ ವರ್ಷ ಎಂಟು ವಾರಕ್ಕೊಮ್ಮೆ, ಆಮೇಲೆ ಹನ್ನೆರಡು ವಾರಕ್ಕೊಮ್ಮೆ ತಪಾಸಣೆ. ಇಷ್ಟಾದರೂ ಕಾದವರಲ್ಲಿ ಗಂಟು ಸಿಕ್ಕಾಗ ಅದು ದೊಡ್ಡದಾಗಿರುತ್ತಿತ್ತು, ಗ್ರಂಥಿಯ ಹೊದಿಕೆ ಒಡೆದು ಹೊರಗೆ ಬಂದದ್ದೂ ಹೆಚ್ಚು. ಇದೇ ವೇಳಾಪಟ್ಟಿಯನ್ನು ಪಾವಗಡದಿಂದಲೋ ಕನಕಪುರದ ಹಳ್ಳಿಯಿಂದಲೋ ಬರುವ ಕೂಲಿಯವರಿಗೆ ಹಾಕಿ ನೋಡಿ. ಎರಡು ವರ್ಷದಲ್ಲಿ ಹದಿನೇಳು ಸಲ ಬಸ್ಸು ಹತ್ತಬೇಕು. ಹದಿನೇಳು ದಿನದ ಕೂಲಿ ಹೋಗಬೇಕು, ಜೊತೆಗೆ ಬರುವ ಮಗನದೂ ಸೇರಿದರೆ ಮೂವತ್ತನಾಲ್ಕು. ನೋವಿಲ್ಲ, ಗಂಟಿಲ್ಲ, ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ ‘ಹಬ್ಬ ಆಗಲಿ, ನೋಡೋಣ’ ಎಂದಾಗುತ್ತದೆ. ಕಾದು ನೋಡುವ ಕ್ರಮ ಎಷ್ಟೋ ಮಟ್ಟಿಗೆ ಆಸ್ಪತ್ರೆಯ ಹತ್ತಿರ ಮನೆ ಮಾಡಿರುವವರ ಕ್ರಮ. ಬಸವನಗುಡಿಯ ನಿವೃತ್ತ ಮೇಷ್ಟರು ತಪ್ಪದೆ ಬಂದಾರು. ಉಳಿದವರ ಪಾಲಿಗೆ ಈ ಪ್ರಶ್ನೆಯನ್ನು ಗಡ್ಡೆಯ ಗುಣಕ್ಕಿಂತ ದಾರಿಯ ದೂರವೇ ತೀರ್ಮಾನಿಸುತ್ತದೆ ಎಂಬುದು ಈ ಲೇಖಕನ ಅಭಿಪ್ರಾಯ.

ಹಾಗೆಂದು ಮುಂಬಯಿಯ ಉತ್ತರ ಎಲ್ಲಕ್ಕೂ ಸಲ್ಲುವುದಿಲ್ಲ. ಅಲ್ಲಿ ಸೇರಿದವರಲ್ಲಿ ಬಹುಪಾಲು ನಾಲಿಗೆಯ ಕ್ಯಾನ್ಸರಿನವರು. ನಮ್ಮಲ್ಲಿ ಎಲೆಅಡಿಕೆ ಒತ್ತಿ ಇಟ್ಟುಕೊಳ್ಳುವ ಕೆನ್ನೆ ಮತ್ತು ಒಸಡಿನ ಸಂದಿಯೇ ಮುಖ್ಯ ಜಾಗ. ಅಂಥವರು ಪ್ರಯೋಗದಲ್ಲಿ ಕಡಿಮೆ. ಗಡ್ಡೆಯ ಆಳವೂ ಮುಖ್ಯ. ಮೂರು ಮಿಲಿಮೀಟರಿನವರೆಗೆ ಇಳಿದಿದ್ದವರಲ್ಲಿ ಅಡಗಿದ ಗಂಟು ಶೇ. 5.6, ನಾಲ್ಕಕ್ಕೆ ಬಂದೊಡನೆ ಶೇ. 16.9. ಒಂದು ಮಿಲಿಮೀಟರ್ ಅಂತರದಲ್ಲಿ ಮೂರು ಪಟ್ಟು. 2018ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ಹಂತ ವಿಂಗಡಣೆಯಲ್ಲಿ ಗಡ್ಡೆಯ ಅಗಲದ ಜೊತೆ ಆಳವನ್ನೂ ಅಳೆಯುತ್ತಾರೆ.

ಭುಜದ ಮಾತನ್ನೂ ಹೇಳಬೇಕು. ನರ ಉಳಿಸಿ ಮಾಡಿದರೂ ಅದನ್ನು ಎಳೆದು ಸರಿಸಿದ ಕಾರಣಕ್ಕೆ ಕೆಲವರಿಗೆ ತೋಳು ಭುಜದ ಮಟ್ಟಕ್ಕಿಂತ ಮೇಲೇಳಲು ತಿಂಗಳುಗಳು ಹಿಡಿಯುತ್ತವೆ. ಕೆಳತುಟಿಯ ಒಂದು ಮೂಲೆ ಜೋಲುವುದೂ ಉಂಟು. ಕೂತು ಲೆಕ್ಕ ಬರೆಯುವವರಿಗೆ ಇದು ಸಣ್ಣ ತೊಂದರೆ ಎನಿಸೀತು. ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ದಿನವಿಡೀ ಮೇಲಿನ ಗೂಡಿನಿಂದ ಸೀರೆಗಳನ್ನು ಇಳಿಸಿ ಹರವಿ ಮತ್ತೆ ಏರಿಸುವವರಿಗೆ ಅದೇ ಜೀವನೋಪಾಯ. ತಲೆ ಬಾಚಿಕೊಳ್ಳಲು, ಸೆರಗು ಹೊದೆಯಲು ಇನ್ನೊಬ್ಬರನ್ನು ಕರೆಯಬೇಕಾದ ಹೆಂಗಸಿಗೂ ಅದು ಸಣ್ಣದಲ್ಲ. ಅಂಗೈಯನ್ನು ಗೋಡೆಯ ಮೇಲೆ ಇಟ್ಟು ಬೆರಳಲ್ಲೇ ನಡೆಸುತ್ತಾ ದಿನಕ್ಕಿಷ್ಟು ಮೇಲೇರಿಸುವ ವ್ಯಾಯಾಮವನ್ನು ಬೇಗ ಹಿಡಿದವರಿಗೆ ಗುಣ ಹೆಚ್ಚು.

ಮುಂಜಾಗ್ರತೆಯ ಶಸ್ತ್ರಚಿಕಿತ್ಸೆ, ಕಾದು ನೋಡುವುದು, ಈ ಎರಡಕ್ಕೂ ಮಧ್ಯದ ದಾರಿಯೊಂದು ಈಗ ಬಂದಿದೆ. ಗಡ್ಡೆಯ ಸುತ್ತ ವಿಕಿರಣಶೀಲ ದ್ರವ ಚುಚ್ಚಿ, ಅದು ಮೊದಲು ಹೋಗಿ ಸೇರುವ ಗ್ರಂಥಿಯನ್ನು ಹುಡುಕಿ ತೆಗೆದು ಪರೀಕ್ಷಿಸುವುದು. ಅದರಲ್ಲಿ ರೋಗ ಕಂಡರಷ್ಟೇ ಉಳಿದವಕ್ಕೆ ಕೈಹಾಕುವುದು. 2020ರಲ್ಲಿ ಫ್ರಾನ್ಸ್, 2021ರಲ್ಲಿ ಜಪಾನಿನ ಪ್ರಯೋಗಗಳು ಈ ಕ್ರಮ ಪೂರ್ಣ ಶಸ್ತ್ರಚಿಕಿತ್ಸೆಗೆ ಕಡಿಮೆಯಿಲ್ಲವೆಂದು ತೋರಿಸಿದವು. ಆದರೆ ಇದಕ್ಕೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ, ಗ್ರಂಥಿಯನ್ನು ಎಳೆಎಳೆಯಾಗಿ ಸೀಳಿ ನೋಡುವ ಪೆಥಾಲಜಿ ಎರಡೂ ಬೇಕು. ಜಿಲ್ಲಾ ಆಸ್ಪತ್ರೆಗಳ ಮಟ್ಟಿಗೆ ಅದು ಸದ್ಯಕ್ಕೆ ದೂರದ ಮಾತು.

ಇನ್ನು ಕಾಯಿಲೆಯ ಮೂಲದ ಕಡೆಗೆ ಬಂದರೆ, ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲೆಯ ಸರ ಒಂದು ಕಡೆ, ತಂಬಾಕಿನ ಸರ ಇನ್ನೊಂದು ಕಡೆ ನೇತುಹಾಕಿ ಮಾರುವುದು ಅದಕ್ಕೆ ಅಂಗಡಿಗಳು ಕಂಡುಕೊಂಡ ಉತ್ತರ. ಗಿರಾಕಿ ಅಂಗೈಯಲ್ಲಿ ಎರಡನ್ನೂ ಬೆರೆಸಿಕೊಳ್ಳುತ್ತಾನೆ.

ಎರಡು ವಾರ ಕಳೆದರೂ ಮಾಯದ ಬಾಯಿಹುಣ್ಣು, ಕೆನ್ನೆಯೊಳಗಿನ ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ ಇದ್ದವರು ಹಲ್ಲಿನ ವೈದ್ಯರಿಗೆ ತೋರಿಸಬೇಕು. ಕೋಟೆಯ ಪಕ್ಕದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಚಿಕ್ಕಪೇಟೆಯಿಂದ ನಡೆದುಕೊಂಡೇ ಹೋಗುವಷ್ಟು ಹತ್ತಿರ.